ರಾಣಿಯ ಸಿಂಬೆ

"ಕೈ ತೆಗಿಯೇ ಮುಂಡೆ! ಅದು ರಾಣಿ ಕಣೇ, ನಿನ್ನ ಓರಗಿತ್ತಿ ಅಲ್ಲ!"

ಮೇಸ್ತ್ರಿಯ ಕೂಗಿಗೆ ಅವಳು ಗಾಜಿನ ಪೆಟ್ಟಿಗೆಯ ಮೇಲಿಟ್ಟಿದ್ದ ಕೈಯನ್ನು ಬಿಸಿ ತಾಗಿದವಳಂತೆ ಹಿಂದಕ್ಕೆಳೆದುಕೊಂಡಳು. ಗಾಜಿನ ಮೇಲೆ ಐದು ಬೆರಳಿನ ಮಣ್ಣು ಉಳಿಯಿತು.

"ಒರಸು ಅದನ್ನ. ಉಗುಳು ಹಚ್ಬೇಡ, ಬಟ್ಟೇಲಿ ಒರಸು. ನಾಡಿದ್ದು ಉದ್ಘಾಟನೆಗೆ ದೊಡ್ಡವರೆಲ್ಲ ಬರ್ತಾರೆ. ನಿನ್ನ ಗಲೀಜು ಕೈ ನೋಡೋಕೆ ಬರ್ತಾರೇನೇ ಅವರು?"

ಅವಳು ಒರಸಿದಳು. ಒರಸುತ್ತಲೇ ಒಳಗೆ ನಿಂತಿದ್ದವಳನ್ನು ಇನ್ನೊಮ್ಮೆ ನೋಡಿದಳು. ಮೂರು ಬೆರಳೆತ್ತರದ ಮಣ್ಣಿನ ಗೊಂಬೆ. ನಾಲ್ಕು ತಿಂಗಳ ಹಿಂದೆ ಇದೇ ಕೈ ಅವಳನ್ನು ಮಣ್ಣಿನಿಂದ ಎತ್ತಿತ್ತು. ಅವತ್ತು ಮುಟ್ಟಬೇಡ ಅಂತ ಯಾರೂ ಅಂದಿರಲಿಲ್ಲ. ಈಗ ಅವಳಿಗೆ ಬೇಕಾಗಿದ್ದು ಒಂದೇ, ಗೊಂಬೆಯ ತಲೆಯ ಎಡಭಾಗ. ಇತ್ತು. ಸಣ್ಣ ಬಾಲದಂಥ ತುದಿ, ಒಳಕ್ಕೆ ಸಿಕ್ಕಿಸಿದ್ದು, ಇದ್ದಲ್ಲೇ ಇತ್ತು.

ಹಳೇ ಕಾಲದ ಊರು ಹುಡುಕಿ ಅಗೆಯುತ್ತಿದ್ದ ಆ ದಿಬ್ಬದಲ್ಲಿ ಅವಳಿಗೆ ಎಲ್ಲರೂ ಜರಡಿ ಅನ್ನುತ್ತಿದ್ದರು. ಬೇರೆ ಹೆಸರೊಂದು ಇರಲೇಬೇಕು, ಕೇಳಿದವರಿಲ್ಲ. ಗಂಡಸರು ಗುಂಡಿಯಲ್ಲಿ ಅಗೆದ ಮಣ್ಣನ್ನು ಹೆಂಗಸರು ಬಾಣಲೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತರುವರು. ಆಳೆತ್ತರದ ಮೂರು ಗಳಗಳಿಗೆ ಕಟ್ಟಿದ ಜರಡಿಯನ್ನು ತೂಗುತ್ತ ಇವಳು ಅದನ್ನು ಸೋಸುವಳು. ಆರು ವರ್ಷದಿಂದ ಅದೇ ಕೆಲಸ; ಅದಕ್ಕೆ ಮುಂಚೆ ಬೇರೆ ಕಡೆ ಅತ್ತೆಯಂತೆ ಅವಳೂ ಮಣ್ಣು ಹೊತ್ತವಳೇ. ಸಾಸಿವೆ ಗಾತ್ರದ ಮಣಿಯೂ ಅವಳ ಕಣ್ಣು ತಪ್ಪಿಸಿ ಹೋಗಿರಲಿಲ್ಲ. ಅತ್ತೆಗೆ ಎರಡೂ ಕಣ್ಣು ಹೋಗಿದ್ದವು. ಆಕೆ ನೆರಳಲ್ಲಿ ಕೂತು ಬಕೆಟ್ಟಿನ ನೀರಲ್ಲಿ ಮಡಕೆಚೂರುಗಳನ್ನು ಅದ್ದಿ, ಬ್ರಷ್ಷಿನಿಂದ ಉಜ್ಜಿ, ಬೆರಳಲ್ಲೇ ನೋಡಿ, ಅಂಚಿನವು ಒಂದು ಕಡೆ, ತಳದವು ಒಂದು ಕಡೆ ಗುಡ್ಡೆ ಹಾಕುತ್ತಿದ್ದಳು. ಮಗ ಸತ್ತ ಮೇಲೆ ಅವಳಿಗೆ ಸೊಸೆ, ಸೊಸೆಗೆ ಅವಳು.

ಹೊರುವ ಹೆಂಗಸರಲ್ಲಿ ಒಂದು ತಮಾಷೆಯಿತ್ತು. ಬಾಣಲೆ ಒತ್ತದಂತೆ ತಲೆಗಿಟ್ಟುಕೊಳ್ಳುವ ಬಟ್ಟೆಯ ಸಿಂಬೆಯನ್ನು ಅವರು ಕಿರೀಟ ಅನ್ನುತ್ತಿದ್ದರು. ಬೆಳಗ್ಗೆ ಕೆಲಸಕ್ಕೆ ನಿಲ್ಲುವ ಮುಂಚೆ ಶುರು.

"ಏನೇ ಕುಳ್ಳಿ, ಕಿರೀಟ ಎಲ್ಲೇ ಇವತ್ತು?"

"ನಾಯಿ ಎಳ್ಕೊಂಡು ಹೋಯ್ತು ಕಣೇ. ರಾಜ್ಯ ಹೋಯ್ತು ನಂದು."

ಹಾಗಾಗಿಯೇ ಗೊಂಬೆ ಸಿಕ್ಕ ಆ ಮಧ್ಯಾಹ್ನ ಜರಡಿಯ ಮೇಲೆ ಉರುಳಿದ ಮಣ್ಣುಂಡೆಯನ್ನು ಹೆಬ್ಬೆರಳಿನಿಂದ ಉಜ್ಜಿದಾಗ, ಸೊಂಟಕ್ಕೆ ಕೈಕೊಟ್ಟ ಹೆಂಗಸೊಬ್ಬಳು, ಭುಜದೊಳಗೆ ಹೂತುಹೋದ ಕತ್ತು, ತಲೆಯ ಮೇಲೆ ಸುತ್ತಿದ ಬಳೆಯಂಥದ್ದು ಕಂಡಾಗ, ಅವಳಿಗೆ ನಗು ತಡೆಯಲಾಗಲಿಲ್ಲ.

"ಕುಳ್ಳೀ, ಬಾರೇ ಇಲ್ಲಿ! ನಮ್ಮೋಳೇ ಒಬ್ಬಳು ಕಿರೀಟ ಇಟ್ಕೊಂಡು ನಿಂತಿದಾಳೆ ನೋಡು!"

ಗೊಂಬೆ ಕೈಯಿಂದ ಕೈಗೆ ಹೋಗಿ ಅತ್ತೆಯನ್ನು ತಲುಪಿತು. ಆಕೆ ಅದರ ತಲೆಯ ಸುತ್ತ ಬೆರಳಾಡಿಸಿದಳು. "ಎಡಗಡೆ ಸಿಕ್ಕಿಸಿದಾಳೆ, ನನ್ನ ಹಾಗೇ," ಅಂದಳು. "ಪಾಪ, ಎಷ್ಟು ಹೊತ್ತಿದಾಳೋ. ಕತ್ತೇ ಇಲ್ಲ."

ಅಷ್ಟರಲ್ಲಿ ಸಾಹೇಬರು ಓಡಿಬಂದರು. ದಿಬ್ಬ ಅಗೆಸುತ್ತಿದ್ದವರು ಅವರೇ. ಆರು ವರ್ಷದಲ್ಲಿ ಅವರು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಮುದುಕಿಯ ಕೈಯಿಂದ ಗೊಂಬೆ ಕಿತ್ತುಕೊಂಡು ಜರಡಿಯತ್ತ ತಿರುಗಿದರು.

"ಏನಂದೆ ಈಗ? ಇನ್ನೊಂದು ಸಲ ಹೇಳು."

"ಕಿರೀಟ ಅಂದೆ ಸಾರ್," ಅಂದಳು. ಬಾಯಲ್ಲಿನ್ನೂ ನಗು ಇತ್ತು.

ಅವರು ಪುಸ್ತಕ ತೆಗೆದು ಬರೆದುಕೊಂಡರು. ಜರಡಿಗೆ ಎದೆಯಲ್ಲಿ ಏನೋ ಅರಳಿದಂತಾಯಿತು. ತಾನಾಡಿದ ಮಾತನ್ನು ಒಬ್ಬರು ಬರೆದುಕೊಂಡದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಆ ಖುಷಿಯನ್ನು ಯಾರಿಗೂ ಹೇಳದೆ, ದವಡೆಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡಂತೆ, ಎರಡು ದಿನ ಇಟ್ಟುಕೊಂಡಿದ್ದಳು.

ಕಿರೀಟವಿದ್ದರೆ ರಾಣಿ. ರಾಣಿಯಿದ್ದರೆ ಅರಮನೆ. ಅರಮನೆ ಎಲ್ಲಿ? ಗುಂಡಿಯಲ್ಲಿ ಕಂಡ ಗೋಡೆಯ ಸಾಲು ಪೂರ್ವಕ್ಕೆ, ಕೂಲಿಗಳ ಹನ್ನೊಂದು ತಗಡಿನ ಮನೆಗಳ ಅಡಿಗೆ ಹೋಗುತ್ತಿತ್ತು. ದಿಬ್ಬದ ಒಡೆಯ ಧಣಿ, ಈ ರಾಣಿ ತಮ್ಮ ವಂಶದ ಮೂಲತಾಯಿ ಅಂದ. ಪತ್ರಿಕೆಯಲ್ಲಿ ಅವನದ್ದೂ ಗೊಂಬೆಯದ್ದೂ ಫೋಟೊ ಅಕ್ಕಪಕ್ಕ ಬಂತು. ಗೊಂಬೆಯನ್ನಿಡಲು ದಿಬ್ಬದ ಪಕ್ಕ ಹೊಸ ಕಟ್ಟಡ ಎದ್ದಿತು. ಕಳೆದ ವಾರ ಹನ್ನೊಂದು ಬಾಗಿಲಿಗೂ ಕಾಗದ ಅಂಟಿಸಿ ಹೋದರು.

"ಏನಂತೆ?" ಅತ್ತೆ ಕೇಳಿದ್ದಳು.

"ಅರಮನೆ ಮೇಲೆ ಮನೆ ಕಟ್ಕೊಂಡಿದೀವಂತೆ. ಉದ್ಘಾಟನೆ ಆದ ಮೇಲೆ ಬಿಡ್ಬೇಕಂತೆ."

"ಅಡೀಲಿ ಏನಿದೆ ಅಂತ ನಾನೇನು ಇಣುಕಿ ನೋಡಿ ಕಟ್ಟಿದ್ನಾ?"

ಹಾಗಂದು ಮುದುಕಿ ಎದ್ದು ನೀರು ಕುಡಿಯಲು ಹೋದಳು. ಒಲೆಯಿಂದ ಕೊಡಕ್ಕೆ ನಾಲ್ಕು ಹೆಜ್ಜೆ, ಕೊಡದಿಂದ ಹೊಸಿಲಿಗೆ ಮೂರು, ಹೊಸಿಲಿನಿಂದ ನಲ್ಲಿಗೆ ಇಪ್ಪತ್ತೆರಡು. ತಗಡಿನ ಗೋಡೆಯ ಒಂದೊಂದು ಮೊಳೆಯೂ ಅವಳ ಅಂಗೈಗೆ ಗೊತ್ತು. ಆ ಮನೆಯೊಳಗೆ ಅವಳಿಗೆ ಕಣ್ಣಿತ್ತು. ಹೊರಗೆ ಹಾಕಿದರೆ, ಆ ವಯಸ್ಸಿನಲ್ಲಿ, ಅವಳು ಎರಡನೇ ಸಲ ಕುರುಡಿಯಾಗುತ್ತಾಳೆ. ಸೊಸೆಗೆ ತಿಳಿದಿದ್ದು ಇಷ್ಟೇ. ಈ ವಾರವಿಡೀ ಜರಡಿ ತೂಗುವಾಗಲೂ ಅವಳು ಅದನ್ನೇ ಸೋಸುತ್ತಿದ್ದಳು.

ಗಾಜು ಒರಸಿಟ್ಟು ಅವಳು ನೇರ ಸಾಹೇಬರ ಡೇರೆಗೆ ಹೋದಳು. ಧಣಿ ಅಲ್ಲೇ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಮೇಜಿನ ಮೇಲೆ ಗೊಂಬೆಯ ತಲೆಯ ದೊಡ್ಡ ಫೋಟೊ ಹರಡಿತ್ತು.

"ಸಾರ್, ಅದು ಕಿರೀಟ ಅಲ್ಲ. ಸಿಂಬೆ."

ಸಾಹೇಬರು ತಲೆಯೆತ್ತಿದರು. ಅವಳು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹಳೇ ಬಟ್ಟೆ ಬಿಡಿಸಿ, ಬಲಗೈಯಿಂದ ಹುರಿ ಮಾಡಿ, ಅಂಗೈ ಮೇಲೆ ಮೂರು ಸುತ್ತು ಸುತ್ತಿ, ತುದಿಯನ್ನು ಎಡಗಡೆ ಒಳಕ್ಕೆ ತುರುಕಿ, ಫೋಟೊದ ಪಕ್ಕದಲ್ಲಿಟ್ಟಳು.

"ನಾವು ನಾವೇ ಆಡ್ಕೊಳ್ಳೋ ಮಾತು ಸಾರ್ ಕಿರೀಟ ಅಂತ. ಅವತ್ತು ನಗ್ತಾ ಅಂದಿದ್ದು. ಇವಳು ಹೊರೋಳು. ಕೆಳಗಿರೋದು ಅರಮನೆ ಅಲ್ಲ, ನಮ್ಮಂಥೋರ ಮನೆ."

ಫೋಟೊದಲ್ಲಿ ಮೂರು ಸುತ್ತು, ಬಟ್ಟೆಯಲ್ಲಿ ಮೂರು ಸುತ್ತು. ಫೋಟೊದಲ್ಲಿ ಎಡಕ್ಕೆ ಬಾಲ, ಬಟ್ಟೆಯಲ್ಲಿ ಎಡಕ್ಕೆ ಬಾಲ.

"ಎತ್ತೇ ಆ ಹೊಲಸನ್ನ ಮೇಜಿಂದ!" ಧಣಿ ಊರುಗೋಲಿನಿಂದ ಸಿಂಬೆಯನ್ನು ನೆಲಕ್ಕೆ ತಳ್ಳಿದ. "ನಮ್ಮ ವಂಶದ ತಾಯೀನ ಕೂಲಿಯೋಳು ಅಂತೀಯಾ? ನಾಲಿಗೆ ಸೀಳಿಸಿಬಿಡ್ತೀನಿ, ಹಲ್ಕಾ ರಂಡೆ!"

"ನಿಮ್ಮ ತಾಯಿ ಅಂತ ನೀವೇ ಅಂತಿರೋದು ಧಣಿ. ನಾನು ಅವಳ ತಲೆ ಮೇಲಿರೋದನ್ನ ಹೇಳ್ದೆ."

ಧಣಿ ಎದ್ದು ನಿಂತ. ಸಾಹೇಬರು ಅವಸರದಿಂದ ಅವಳನ್ನು ಡೇರೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರು ಸ್ವಲ್ಪ ಹೊತ್ತು ಕನ್ನಡಕ ಒರಸಿದರು. ಅವರ ಕಣ್ಣು ಫೋಟೊದ ಆ ತುದಿಯ ಮೇಲೆ ನಿಂತದ್ದನ್ನು ಅವಳು ನೋಡಿದ್ದಳು. ಜರಡಿಯಲ್ಲಿ ಏನು ಸಿಕ್ಕಿತು, ಏನು ಜಾರಿತು ಅಂತ ನೋಡಿ ಪಳಗಿದವಳಿಗೆ ಅಷ್ಟು ಸಾಕಿತ್ತು, ಅವರಿಗೆ ಅರ್ಥವಾಗಿತ್ತು.

"ನೀನು ಹೇಳಿದ್ದು ಸರಿ ಇರಬಹುದು," ಅಂದರು.

"ಹಾಗಾದ್ರೆ ಹೇಳಿ ಸಾರ್. ಅವರಿಗೆ ಹೇಳಿ."

"ಮಣ್ಣು ಹೊರೋಳ ಗೊಂಬೆ ನೋಡೋಕೆ ಯಾರಮ್ಮ ಬರ್ತಾರೆ? ಅದಕ್ಕೆ ಯಾರು ಕಟ್ಟಡ ಕಟ್ಟಿಸ್ತಾರೆ?" ಅವರ ದನಿ ಮೆತ್ತಗಿತ್ತು, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಮತ್ತೆ, ಕಿರೀಟ ಅಂದೋಳು ನೀನೇ. ನನ್ನ ಪುಸ್ತಕದಲ್ಲಿದೆ."

"ತಮಾಷೆಗೆ ಅಂದಿದ್ದು ಸಾರ್..."

"ತಮಾಷೆ ಅಂತ ಬರಿಯೋಕೆ ಅದರಲ್ಲಿ ಜಾಗ ಇಲ್ಲ."

ನೆಲಕ್ಕೆ ಬಿದ್ದ ಸಿಂಬೆಯನ್ನು ಎತ್ತಿಕೊಂಡು ಅವಳು ಮನೆಗೆ ಬಂದಳು. ಬದುಕಿನಲ್ಲಿ ಒಂದೇ ಒಂದು ಮಾತು ಬರಹಕ್ಕೆ ಬಿದ್ದಿತ್ತು, ಅದೇ ಮನೆ ಬಿಡಿಸಿತು. ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದಳು, ತನ್ನ ಖುಷಿಯನ್ನೂ ಬಿಡದೆ. ಬೈಗುಳಕ್ಕೆ ಬೆನ್ನು ಕೊಟ್ಟು ಕೂತಳು.

ಅತ್ತೆ ಬೈಯಲಿಲ್ಲ. ಸೊಸೆಯ ತಲೆ ಹುಡುಕಿ, ನೆತ್ತಿಯ ಮೇಲೆ ಸಿಂಬೆ ಉಜ್ಜಿ ಉಜ್ಜಿ ಕೂದಲು ಹೋದ ಅಂಗೈಯಗಲದ ಜಾಗವನ್ನು ಸವರಿದಳು. ಅವಳ ನೆತ್ತಿಯಲ್ಲೂ ಅಂಥದ್ದೇ ಇತ್ತು.

"ನಗೋದು ಕೂಡ ನೋಡ್ಕೊಂಡು ನಗ್ಬೇಕಾಯ್ತಲ್ಲೇ ನಾವು," ಅಂದಳು.

ಮರುದಿನ ಜರಡಿ ಕೆಲಸಕ್ಕೆ ರಜೆ. ಎಲ್ಲ ಹೆಂಗಸರನ್ನೂ ಹೊಸ ಕಟ್ಟಡದ ಹೆಬ್ಬಾಗಿಲಲ್ಲಿ ಏಳುತ್ತಿದ್ದ ಪ್ರತಿಮೆಯ ಕೆಲಸಕ್ಕೆ ಹಾಕಿದ್ದರು. ಎರಡಾಳೆತ್ತರದ ಸಿಮೆಂಟಿನ ರಾಣಿ. ಮೂರು ಬೆರಳೆತ್ತರದವಳಿಗೆ ಇಲ್ಲದ ನೀಳ ಕತ್ತು ಇವಳಿಗೆ ಬಂದಿತ್ತು. ತಲೆಯ ಮೇಲೆ ಐದು ಮೊನೆಯ ಕಿರೀಟ, ಆಗತಾನೆ ಹಚ್ಚಿದ್ದು, ಹಸಿ. ನಾಳೆ ಬೆಳಗ್ಗೆ ಅದಕ್ಕೆ ಬಂಗಾರದ ಬಣ್ಣ. ಹೊತ್ತು ನೆತ್ತಿಗೇರಿದಾಗ ಶಿಲ್ಪಿಯೂ ಮೇಸ್ತ್ರಿಯೂ ಊಟಕ್ಕೆ ಹೋದರು. ಸೊಂಟದ ಹತ್ತಿರ ಬಿಟ್ಟಿರುವ ಸಂದಿಗೆ ಗಾರೆ ಮೆತ್ತಿಡು ಅಂತ ಜರಡಿಗೆ ಹೇಳಿ ಹೋದರು.

ಅವಳು ಬಾಣಲೆ ಹೊತ್ತು ಏಣಿ ಹತ್ತಿ ಸಾರುವೆಯ ಹಲಗೆಯ ಮೇಲೆ ನಿಂತಳು. ಅಲ್ಲಿಂದ ಮನೆಗಳ ಸಾಲು ಕಾಣುತ್ತಿತ್ತು. ಮೊದಲ ಮನೆಯ ಮುಂದೆ ಹಳದಿ ಯಂತ್ರ ನಿಂತಿತ್ತು. ಅವಳು ನೋಡುತ್ತಿದ್ದಂತೆ ಅದು ಕೈ ಎತ್ತಿ ತಗಡಿನ ಮೇಲಿಟ್ಟಿತು. ಸದ್ದು ಆಮೇಲೆ ಬಂತು.

"ನಾಳೆ ಆದ್ಮೇಲೆ ಅಂದಿದ್ರಲ್ಲೇ!" ಕೆಳಗೆ ಕುಳ್ಳಿ ಚೀರಿದಳು.

ಹೆಬ್ಬಾಗಿಲ ಕಾವಲುಗಾರ ನೆಲ ನೋಡುತ್ತ ಅಂದ. "ದೊಡ್ಡವರ ಕಾರು ಆ ದಾರೀಲೇ ಬರೋದಂತೆ. ತಗಡು ಕಾಣಬಾರದಂತೆ."

ಕೆಲವರು ಓಡಿದರು. ಜರಡಿಯ ಕಣ್ಣು ಸಾಲಿನ ಕೊನೆಗೆ ಹೋಯಿತು. ಯಾರೋ ಅತ್ತೆಯನ್ನು ರಸ್ತೆಗೆ ತಂದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿದ್ದರು. ಮುದುಕಿ ಒಂದು ಕೈಯನ್ನು ಪಕ್ಕಕ್ಕೆ ಚಾಚಿ ಗಾಳಿಯಲ್ಲಿ ಸವರುತ್ತಿದ್ದಳು. ಗೋಡೆಯನ್ನು ಹುಡುಕುತ್ತಿದ್ದಳು.

ಜರಡಿ ಬಾಣಲೆ ಇಳಿಸಿದಳು. ಹಲಗೆಯ ತುದಿಗೆ ಕಾಲು ಕೊಟ್ಟು ರಾಣಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಒಂದು ಮೊನೆ ಒತ್ತಿದಳು, ಬಗ್ಗಿತು. ಇನ್ನೊಂದು. ಐದನ್ನೂ ಕೆಳಕ್ಕೆ ಒತ್ತಿ, ಹಸಿ ಸಿಮೆಂಟನ್ನು ಬಲಗೈಯಿಂದ ಹುರಿ ಮಾಡಿದಳು. ಮೂರು ಸುತ್ತು. ಕೈ ಯೋಚಿಸಲಿಲ್ಲ, ಅದಕ್ಕೆ ಗೊತ್ತಿತ್ತು. ತುದಿಯನ್ನು ಎಡಕ್ಕೆ ಎಳೆದು ಒಳಗೆ ತುರುಕಿದಳು. ಆಮೇಲೆ ಗಾರೆ ತುಂಬಿದ ಬಾಣಲೆ ಎತ್ತಿ ಅದರ ಮೇಲಿಟ್ಟಳು. ಅಳತೆ ತೆಗೆದು ಮಾಡಿಸಿದಂತೆ ಕೂತಿತು.

"ಹೊರು ಕಣೇ," ಅಂದಳು. "ನಾಳೆ ಎಲ್ಲರ ಮುಂದೆ ಹೊತ್ಕೊಂಡು ನಿಂತ್ಕೋ."

"ಏಯ್! ಇಳಿಯೇ ಬೋಸುಡಿ! ಏನ್ ಮಾಡಿದ್ಯೇ ಅದನ್ನ!" ಮೇಸ್ತ್ರಿ ಎಂಜಲು ಕೈಯಲ್ಲೇ ಓಡಿಬರುತ್ತಿದ್ದ. ಅವನ ಹಿಂದೆ ಧಣಿಯ ಇಬ್ಬರು ಆಳುಗಳು.

ಕುಳ್ಳಿ ಮೇಲೆ ನೋಡಿದಳು. ರಾಣಿಯ ತಲೆ ನೋಡಿದಳು. ಅವಳ ಬಾಯಿ ನಗುವಿಗೋ ಅಳುವಿಗೋ ಸೊಟ್ಟಗಾಯಿತು. ಏಣಿಯನ್ನು ಎಳೆದು ನೆಲಕ್ಕೆ ಕೆಡವಿ ಅದರ ಮೇಲೆ ಕೂತುಬಿಟ್ಟಳು. ಉಳಿದ ನಾಲ್ವರು ಬಂದು ಅವಳ ಪಕ್ಕದಲ್ಲಿ ಕೂತರು. ಯಾರೂ ತಮ್ಮ ತಲೆಯ ಮೇಲಿನ ಸಿಂಬೆ ತೆಗೆಯಲಿಲ್ಲ.

ಮೊದಲ ಹೊಡೆತ ಕುಳ್ಳಿಯ ಬೆನ್ನಿಗೆ ಬಿತ್ತು. ಅವಳು ಏಳಲಿಲ್ಲ.

ಆ ಕಡೆ ಯಂತ್ರ ಆರನೆಯ ಮನೆಗೆ ಬಂದಿತ್ತು. ಜರಡಿ ಎರಡೂ ಕೈಯಿಂದ ಸಿಂಬೆಯನ್ನು ಒತ್ತಿ ಹಿಡಿದಳು. ಹತ್ತು ಬೆರಳೂ ಮೂಡುವಷ್ಟು. ಬಿಸಿಲು ಸುಡುತ್ತಿತ್ತು. ಇಂಥ ಬಿಸಿಲಿಗೆ ಸಿಮೆಂಟು ಬೇಗ ಬಿಗಿಯುತ್ತದೆ.