ಸದ್ದಿಲ್ಲದ ಗಾಡಿಗೊಂದು ಬಾಯಿ

ಶುರುವಾಯಿತೋ ಇಲ್ಲವೋ? ಕೀಲಿ ತಿರುಗಿಸಿಯಾಗಿತ್ತು. ಸೀಟು ನಡುಗಲಿಲ್ಲ, ಹೊಗೆ ಕೊಳವೆ ಕೆಮ್ಮಲಿಲ್ಲ. ಮನೆಯ ಷೆಡ್ಡಿನಲ್ಲೇ ಹಳೆಯ ಪಿಕಪ್ಪಿನ ಎಂಜಿನ್ ಇಳಿಸಿ, ಮೋಟಾರು, ಬ್ಯಾಟರಿ ಕೂರಿಸಿದ ಮಗಳ ನಾಲ್ಕು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ? ಗಿಡ ಮಾರುವ ಸಸಿಯಪ್ಪ ಸ್ಟಿಯರಿಂಗ್ ಹಿಡಿದು ಹಾಗೇ ಕುಳಿತಿದ್ದ.

"ಶುರುವಾಗಿದೆ, ಪೆಡಲ್ ಒತ್ತಪ್ಪ," ಎಂದಳು ಪಕ್ಕದಲ್ಲಿದ್ದ, ಮೋಟಾರು ರಿಪೇರಿ ಮಾಡುವ ಮಗಳು.

"ಉಸಿರೇ ಇಲ್ವಲ್ಲಮ್ಮ ಇದಕ್ಕೆ!"

"ಎಂಜಿನ್ ಗುಜರಿಗೆ ಹೋಯ್ತು. ಇನ್ನೆಲ್ಲಿಂದ ಗುರುಗುಟ್ಟುತ್ತೆ?"

ಒತ್ತಿದ. ಇಪ್ಪತ್ತು ವರ್ಷ ಬೀದಿಗೆಲ್ಲ ಕೇಳುವಂತೆ ಗುಡುಗಿ 'ಗುಡುಗಮ್ಮ' ಎನಿಸಿಕೊಂಡಿದ್ದ ಗಾಡಿ ಬೆಣ್ಣೆಯಿಂದ ಕೂದಲು ತೆಗೆದಂತೆ ಸರಿಯಿತು. ಚಕ್ರದಡಿಯ ಜಲ್ಲಿಕಲ್ಲು ಒಂದೊಂದೂ ಕೇಳಿಸಿತು. ಹಿಂದಿನ ಕುಂಡಗಳಲ್ಲಿ ಎಲೆಗೆ ಎಲೆ ತಾಗುವುದೂ ಕೇಳಿಸಿತು. ಇಷ್ಟು ವರ್ಷ ತನ್ನ ಬೆನ್ನ ಹಿಂದೆಯೇ ಇವು ಮಾತಾಡುತ್ತಿದ್ದವೇ? ಸಸಿಯಪ್ಪನ ಕಣ್ಣು ತುಂಬಿತು.

ಹಿಂದಕ್ಕೆ ತೆಗೆದಾಗ ಮಾತ್ರ ಬಜರ್ ಚೀರಿತು.

"ಇದ್ಯಾಕಮ್ಮ ಕಿವೀಲಿ ಜೀರುಂಡೆ?"

"ಅದು ಗಾಡಿಯ ಬಾಯಿ ಅಪ್ಪ. ಸದ್ದಿಲ್ಲದೆ ಬಂದ್ರೆ ಹಿಂದಿರೋರಿಗೆ ಹೇಗೆ ಗೊತ್ತಾಗ್ಬೇಕು?"

ಮರುದಿನ ಬೆಳಿಗ್ಗೆ, ಯಾರೂ ನೋಡದಾಗ, ಸಸಿಯಪ್ಪ ಬಜರಿನ ತಂತಿ ಕಿತ್ತ. ಆ ಮೌನವನ್ನು ಇಡಿಯಾಗಿ ಕೇಳುವ ಆಸೆ.

ಗಾಡಿಯನ್ನು ಹಿಂದಕ್ಕೆ ತೆಗೆದ. ಗೇಟಿನ ಬಳಿ ಹೆಂಡತಿ ಬೆನ್ನು ಹಾಕಿ ಕುಂಡಗಳಿಗೆ ನೀರು ಬಿಡುತ್ತಿದ್ದಳು. ಗುಡುಗಮ್ಮನ ಸದ್ದಾದರೆ ತಿರುಗಿಯೂ ನೋಡದೆ ಪಕ್ಕಕ್ಕೆ ಸರಿಯುವುದು ಅವಳ ರೂಢಿ. ಸರಿದಿರುತ್ತಾಳೆಂದು ಕನ್ನಡಿ ನೋಡದಿರುವುದು ಇವನ ರೂಢಿ.

"ಅಪ್ಪಾ, ಬ್ರೇಕ್!" ಷೆಡ್ಡಿನಿಂದ ಮಗಳು ಕೂಗಿದಳು.

ಕುಂಡವೊಂದು ಪುಡಿಯಾಯಿತು. ಹೆಂಡತಿಯ ಹಿಮ್ಮಡಿಗೂ ಚಕ್ರಕ್ಕೂ ನಡುವೆ ಗೇಣು ಜಾಗ.

"ರೀ... ಬಂದಿದ್ದೇ ಕೇಳಿಸ್ಲಿಲ್ಲ ನಂಗೆ," ಎಂದಳು ಅವಳು. ಕೈಯಲ್ಲಿನ ಪೈಪು ಅವಳ ಕಾಲ ಮೇಲೇ ನೀರು ಸುರಿಯುತ್ತಿತ್ತು.

ಮಗಳು ಬಗ್ಗಿ ನೋಡಿದಳು. ಬಿಡಿಯಾಗಿ ತೂಗುತ್ತಿದ್ದ ತಂತಿ ಕೈಗೆ ಬಂತು. ಮುಖ ಬಿಳಿಚಿತು. "ನಾನೇ ಸರಿಯಾಗಿ ಬಿಗಿದಿಲ್ಲಮ್ಮ. ನನ್ನದೇ ತಪ್ಪು."

ಸಸಿಯಪ್ಪ ಇಳಿದು ಕುಂಡದ ಚೂರುಗಳನ್ನು ಆಯ್ದ. "ಎರಡು ಬಜರ್ ಹಾಕಮ್ಮ," ಎಂದ ಕೊನೆಗೆ. "ಬೀದಿಗೆಲ್ಲ ಕೇಳಲಿ."

"ನಿಮ್ಮಪ್ಪನ ಕತ್ತಿಗೂ ಒಂದು ಕಟ್ಟೇ," ಎಂದಳು ಹೆಂಡತಿ. "ಹಿಂದೆ ತಿರುಗಿ ನೋಡೋದಾದ್ರೂ ಕಲೀಲಿ."

ಹಳೆಯ ಗಾಡಿಗೆ ವಿದ್ಯುತ್ ಜೀವ ಕೊಡುವ ಬಂಧುಗಳೇ, ಸದ್ದಿಲ್ಲವೆಂದರೆ ಗಾಡಿ ನಿಂತಿದೆ ಎಂದಲ್ಲ. ಬಜರ್ ಕೀಳಬೇಡಿ. ಹಿಂದೆ ನೋಡಿಯೇ ಹಿಂದೆ ಸರಿಯಿರಿ. ಇಳಿಯುವಾಗ ಕೀಲಿ ತೆಗೆಯಿರಿ. ಬ್ಯಾಟರಿಗೆ ಕೈ ಹಾಕುವ ಕೆಲಸ ಬಲ್ಲವರದೇ ಆಗಿರಲಿ. ಗಾಡಿಯನ್ನು ಪರೀಕ್ಷೆ ಮಾಡಿಸಿ, ಸಾರಿಗೆ ಕಚೇರಿಯ ಒಪ್ಪಿಗೆ ಪಡೆದೇ ರಸ್ತೆಗಿಳಿಸಿ.

ಗಿಡ ಕೊಳ್ಳಲು ಬಂದವರಿಗೆಲ್ಲ ಸಸಿಯಪ್ಪ ಈಗ ಇದನ್ನೇ ಹೇಳುತ್ತಾನೆ. ಮಗಳು ಇಂದಿಗೂ ಗಾಡಿ ಹೊರಡುವ ಮುಂಚೆ ಆ ತಂತಿಯನ್ನು ಎರಡೆರಡು ಸಲ ಎಳೆದು ನೋಡುತ್ತಾಳೆ. ಕಿತ್ತವನು ತಾನೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.