ಪತ್ತೇದಾರನ ಕೈಗಳು

"ಹೊಡೀಬೇಡ. ಇಡು ಕೆಳಗೆ ಆ ಸುತ್ತಿಗೇನ."

ಮೈದುನ ಎತ್ತಿದ ಸುತ್ತಿಗೆಯನ್ನು ಹಾಗೇ ಹಿಡಿದುಕೊಂಡು ಅತ್ತಿಗೆಯ ಮುಖ ನೋಡಿದ. ಅವನ ಮುಂದೆ ಅಡುಗೆಮನೆಯ ನೆಲದ ಮೇಲೆ ಒಂದು ತಗಡಿನ ಪೆಟ್ಟಿಗೆ, ಅದಕ್ಕೊಂದು ಅಂಗೈಯಗಲದ ಹಿತ್ತಾಳೆ ಬೀಗ. ಕೀಲಿಗಾಗಿ ಬೆಳಗಿನಿಂದ ಮನೆಯ ಮೂಲೆಮೂಲೆ ಜಾಲಾಡಿ ಎಲ್ಲರೂ ಸುಸ್ತಾಗಿದ್ದರು.

"ಅತ್ತಿಗೆ, ವ್ಯಾನು ಹನ್ನೊಂದಕ್ಕೆ ಬರುತ್ತೆ. ಈಗಾಗಲೇ ಹತ್ತೂಕಾಲು."

"ಬರ್ಲಿ. ನಿಮ್ಮಣ್ಣ ಜೀವಮಾನದಲ್ಲಿ ಒಂದು ಬೀಗ ಒಡೆದವರಲ್ಲ. ಇವತ್ತು ಅವರ ಬೀಗಾನೇ ಒಡೆಯೋದಾ?"

"ಹಾಗಾದ್ರೆ ಒಳಗಿರೋ ಕೈಗವಸು ಬಿಟ್ಟುಬಿಡೋಣ."

"ಅದೂ ಆಗಲ್ಲ. ಗವಸು ಹಾಕ್ಕೊಳ್ದೆ ಅವರು ಬಾಗಿಲು ದಾಟಿದ್ದನ್ನ ನಾನು ನೋಡಿಲ್ಲ. ಹಾಕಿಯೇ ಕಳಿಸೋದು."

ಮೈದುನ ಸುತ್ತಿಗೆಯನ್ನು ಒಲೆಕಟ್ಟೆಯ ಮೇಲಿಟ್ಟು ನಿಟ್ಟುಸಿರು ಬಿಟ್ಟ.

ನಡುಕೋಣೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದವರ ಬಗ್ಗೆ ಬೀದಿಯವರಿಗೆ ಗೊತ್ತಿದ್ದದ್ದು ಬಹಳ ಕಡಿಮೆ. ಮೊದಲು ಮೂಲೆಯ ಮೆಟ್ಟಿಲ ಕೆಳಗೆ ಕೂತು ಬೀಗ ರಿಪೇರಿ ಮಾಡುತ್ತಿದ್ದರು. ಆಮೇಲೆ ಟೀವಿಯವರ ಸೆಟ್ಟಿನಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸ ಸಿಕ್ಕಿತು, ಅಲ್ಲಿಯವರು ಬೀಗದ ಮೇಷ್ಟ್ರು ಎಂದು ಕರೆದರು, ಅದೇ ಹೆಸರು ನಿಂತಿತು. ಪಾಪ, ಏನೋ ಚರ್ಮದ ಕಾಯಿಲೆಯಂತೆ, ಸುಡುಬಿಸಿಲಲ್ಲೂ ಗವಸು ತೆಗೆಯುತ್ತಿರಲಿಲ್ಲ. ಈ ಚರ್ಮದ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಎದುರುಮನೆಯಾಕೆ. ಅದು ಕಿವಿಗೆ ಬಿದ್ದ ಮೇಲೂ ಮೇಷ್ಟ್ರ ಹೆಂಡತಿ ವರ್ಷಗಟ್ಟಲೆ ತುಟಿ ಬಿಚ್ಚಿರಲಿಲ್ಲ.

ಹೊರಗೆ ಗುಜುಗುಜು ಎದ್ದಿತು. ಹೆಂಗಸೊಬ್ಬಳು ಸೆರಗು ಸರಿಮಾಡಿಕೊಂಡಳು, ಗಂಡಸರಿಬ್ಬರು ಕುರ್ಚಿ ಬಿಟ್ಟು ಎದ್ದರು. "ಪತ್ತೇದಾರ್ರು ಬಂದ್ರು" ಎಂದು ಯಾರೋ ಪಿಸುಗುಟ್ಟಿದರು.

'ಒಂಬತ್ತನೇ ಬೀಗ' ಧಾರಾವಾಹಿ ಮುಗಿದು ಆರು ವರ್ಷವಾಗಿದ್ದರೂ ಜನ ಅದರ ನಾಯಕನನ್ನು ಬೇರೆ ಹೆಸರಿನಿಂದ ಕರೆಯಲು ಒಪ್ಪಿರಲಿಲ್ಲ. ಅವನೂ ಒಪ್ಪಿರಲಿಲ್ಲವೆನ್ನಿ. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗಿಳಿಸಿ, ಭುಜ ಕೊಂಚ ಮುಂದೆ ಬಾಗಿಸಿ ಒಳಗೆ ಬಂದ. ಸಾವಿನ ಮನೆಗೆ ಬಂದರೂ ಅದೇ ನಿಲುವು. ಒಂದು ಕಾಲಕ್ಕೆ ಊರಿನ ಕಾಲೇಜು ಹುಡುಗರೆಲ್ಲ ಹೀಗೇ ನಡೆಯುತ್ತಿದ್ದರು.

ಎದುರುಮನೆಯಾಕೆಗೆ ಅವನನ್ನು ಕಂಡದ್ದೇ ದಾರಿ ಹೊಳೆಯಿತು. "ಇವರಿರುವಾಗ ಸುತ್ತಿಗೆ ಯಾಕ್ರೀ? ಇವರ ಕೈಲಿ ಆಗದ ಬೀಗ ಯಾವುದಿದೆ? ಮೊನ್ನೆ ತಾನೇ ಹೊಸ ಸೀರಿಯಲ್ಲಿನ ಟ್ರೇಲರ್‌ನಲ್ಲಿ ನೋಡಿದ್ವಿ ಸಾರ್. ಆರು ವರ್ಷ ಆದ್ರೂ ನಿಮ್ಮ ಬೆರಳು ಹಾಗೇ ಇವೆ."

ಪತ್ತೇದಾರ ಜೇಬಿನೊಳಗೆ ಮುಷ್ಟಿ ಬಿಗಿದ. ಆ ಮನೆಯಲ್ಲಿ ನಿಜ ಗೊತ್ತಿದ್ದದ್ದು ಅವನಿಗೂ ಮೇಷ್ಟ್ರ ಹೆಂಡತಿಗೂ ಮಾತ್ರ. ಅವಳು ಅವನ ಜೇಬುಗಳನ್ನೇ ದಿಟ್ಟಿಸಿ ನೋಡಿದಳು.

"ಹೌದಲ್ಲ," ಎಂದಳು. "ನೀವೇ ತೆಗೀರಿ ಸಾರ್. ಎಲ್ಲಾರೂ ನೋಡ್ಲಿ."

"ಮೊದಲು ಅವನ ಮುಖ ನೋಡಿ ಬರ್ತೀನಮ್ಮ," ಎಂದು ಅವನು ನುಣುಚಿಕೊಂಡ.

*

ಮೊದಲ ಕಂತಿನ ಮೊದಲ ದೃಶ್ಯದಲ್ಲೇ ಪತ್ತೇದಾರ ಎರಡು ತಂತಿ ಹಿಡಿದು ಬೀಗ ತೆಗೆಯಬೇಕಿತ್ತು. ಹದಿನೇಳು ಸಲ ಶಾಟ್ ತೆಗೆದರು. ಮುಖ ಪ್ರತಿ ಸಲವೂ ಚೆನ್ನಾಗಿ ಬಂತು. ಅಂಥ ಮುಖ ಆಗ ಇನ್ನೊಬ್ಬರಿಗಿರಲಿಲ್ಲ. ಕೈ ಮಾತ್ರ ಕೆಲಸ ಕೆಡಿಸಿತು. ಗಿಡ್ಡ, ದಪ್ಪ, ಮೊಂಡು ಬೆರಳುಗಳು, ತಂತಿ ಹಿಡಿದರೆ ತಂತಿಯೇ ಕಾಣಿಸುತ್ತಿರಲಿಲ್ಲ. ಅಂದಿನ ನಿರ್ದೇಶಕ ತಲೆ ಚಚ್ಚಿಕೊಂಡು, ಬೀಗ ಹೊಂದಿಸಿಕೊಡಲು ಬಂದಿದ್ದವನತ್ತ ಕೈ ತೋರಿಸಿದ. "ಏನಪ್ಪಾ, ಆ ಕೋಟಿನ ತೋಳು ಹಾಕ್ಕೊಂಡು ಕೂತ್ಕೋ ನೋಡೋಣ."

ಕ್ಯಾಮೆರಾ ಹಿಂದಿದ್ದವರೆಲ್ಲ ಮುಂದೆ ಬಂದು ಬಗ್ಗಿ ನೋಡಿದರು. ಬೀಗ ರಿಪೇರಿಯವನ ಕೈ ಅಷ್ಟು ಚೆಲುವಾಗಿರಬಹುದೆಂದು ಯಾರೂ ಎಣಿಸಿರಲಿಲ್ಲ. ನೀಳ ಬೆರಳು, ಅವಸರವಿಲ್ಲದ ಬೆರಳು. ಬೀಗ ತೆಗೆಯುವುದನ್ನೇ ನೋಡುತ್ತಾ ಇರೋಣ ಎನಿಸುವಂತಿತ್ತು. ಅಂದೇ ಒಪ್ಪಂದದ ಕಾಗದಕ್ಕೆ ರುಜು ಹಾಕಿಸಿಕೊಂಡರು. ಈ ಕೈ ಯಾರದೆಂದು ಹೊರಗೆ ಬಾಯಿ ಬಿಡಕೂಡದು. ಉಗುರು ಮುರಿಯಬಾರದು, ಚರ್ಮ ಒಡೆಯಬಾರದು, ಹೊರಗೆ ಹೋದರೆ ಗವಸು.

ಹನ್ನೊಂದು ವರ್ಷ ಮೇಷ್ಟ್ರು ಒಂದು ಲೋಟ ತೊಳೆಯಲಿಲ್ಲ. ಹೆಂಡತಿ ಜ್ವರದಲ್ಲಿ ನರಳುತ್ತಿದ್ದಾಗಲೂ ಅವರು ಬಚ್ಚಲ ಬಾಗಿಲಲ್ಲಿ ನಿಂತು, "ನಾಳೆ ಶಾಟಿದೆ ಕಣೇ" ಎಂದು ತಲೆ ತಗ್ಗಿಸಿದ್ದರು. ರಾತ್ರಿ ಎಂಟೂವರೆಗೆ ಎದುರುಮನೆಯಾಕೆ ಇದೇ ಮನೆಗೆ ಬಂದು, ಇದೇ ಟೀವಿ ಮುಂದೆ ಕೂತು, "ಇವನ ಕೈಗೆ ಯಾವಳಾದ್ರೂ ಮನೆ ಬಿಟ್ಟು ಹೋಗ್ತಾಳೆ ನೋಡಿ" ಎಂದು ಬಾಯಿ ಚಪ್ಪರಿಸುತ್ತಿದ್ದಳು. ಪಕ್ಕದಲ್ಲೇ ಆ ಕೈಯ ಯಜಮಾನಿ ಹಿಂಡಿದ ಬಟ್ಟೆಯಂತೆ ಮುದುಡಿ ಕೂತಿರುತ್ತಿದ್ದಳು. ಹೊಟ್ಟೆಯೊಳಗೆ ಬೆಂಕಿ. ಆಕೆ ಎದ್ದು ಹೋದಮೇಲೆ ಟೀವಿ ಆರಿಸಿ, ಗಂಡನ ಎರಡೂ ಕೈ ಹಿಡಿದು ಬೆರಳು ಎಣಿಸುತ್ತಿದ್ದಳು.

ಉರಿ ಆ ಕಡೆಯೂ ಇತ್ತು. ಪತ್ತೇದಾರನಿಗೆ ಚೀಲಗಟ್ಟಲೆ ಪತ್ರ ಬರುತ್ತಿದ್ದವು. ಒಡೆದು ಓದಿದರೆ ಮುಖದ ಮಾತು ಎರಡು ಸಾಲು, ಕೈಯ ಮಾತು ಎರಡು ಪುಟ. ಜನರ ಮುಂದೆ ಕೈ ತೋರಿಸುವಂತಿಲ್ಲದ್ದಕ್ಕೆ ಅವನು ಜೇಬಿಗೆ ಹಾಕಿದ. ಅದನ್ನೇ ಜನ ಸ್ಟೈಲು ಎಂದರು.

ನಾಲ್ಕು ತಿಂಗಳ ಹಿಂದೆ ಧಾರಾವಾಹಿ ಮತ್ತೆ ಶುರುವಾಗುತ್ತದೆಂದು ಸುದ್ದಿ ಬಂದಾಗ ಅವನು ಕೂದಲಿಗೆ ಬಣ್ಣ ಹಾಕಿಸಿದ, ಹಳೇ ಕೋಟು ಇಸ್ತ್ರಿಗೆ ಕೊಟ್ಟ, ಫೋನು ತಲೆದಿಂಬಿನ ಪಕ್ಕ ಇಟ್ಟುಕೊಂಡ. ಕರೆ ಬರಲಿಲ್ಲ. ಈ ಸಲದ ಕತೆ ಪತ್ತೇದಾರನ ಮಗಳದಂತೆ, ಅಪ್ಪ ಕಾಣೆಯಾಗಿರುತ್ತಾನಂತೆ. ಇದನ್ನು ಅವನು ಕ್ಷೌರದಂಗಡಿಯಲ್ಲಿ ಪೇಪರ್ ಓದಿ ತಿಳಿದುಕೊಂಡ. ಸಹಿಸಿಕೊಂಡ. ಮೊನ್ನೆ ಮಂಗಳವಾರ ಟ್ರೇಲರ್ ಬಂತು. ನಲವತ್ತು ಸೆಕೆಂಡು, ಮುಖವೇ ಇಲ್ಲ. ಕತ್ತಲಲ್ಲಿ ಒಂದು ಕೈ ಬೀಗ ತೆಗೆಯುತ್ತದೆ, ಅಷ್ಟೇ. ಊರಿಗೆ ಊರೇ ಪತ್ತೇದಾರ ಮರಳಿ ಬಂದ ಎಂದು ಕುಣಿಯಿತು. ಅಭಿನಂದನೆ ಹೇಳಲು ಅವನ ತಂಗಿಯೇ ಫೋನ್ ಮಾಡಿದಳು.

ತನ್ನನ್ನು ಬಿಟ್ಟಿದ್ದಾರೆ, ಕೈಯನ್ನು ಇಟ್ಟುಕೊಂಡಿದ್ದಾರೆ. ಅದೂ ಪ್ರತಿ ಗುರುವಾರ ತನ್ನ ಮನೆಗೆ ಬಂದು ಕಾಫಿ ಕುಡಿದು ಹೋಗುವ ಮನುಷ್ಯ, ಒಂದು ಮಾತು ಹೇಳದೆ. ಆ ಸಂಜೆ ಮೇಷ್ಟ್ರು ಮೂರು ಸಲ ಫೋನ್ ಮಾಡಿದರು. ಅವನು ಎತ್ತಲಿಲ್ಲ. ಮೂರನೆಯ ಸಲ ಫೋನಿನ ಮುಖ ನೋಡಿ, "ಸಾಯಿ" ಎಂದ.

ಬುಧವಾರ ಬೆಳಗ್ಗೆ ಮೇಷ್ಟ್ರು ಹಾಸಿಗೆಯಿಂದ ಏಳಲಿಲ್ಲ.

*

ಈಗ ಅದೇ ಕೈಗಳು ಎದೆಯ ಮೇಲೆ ಒಂದರ ಮೇಲೊಂದು ಕೂತಿದ್ದವು. ಮುಖ ಇಳಿದಿತ್ತು, ಕೆನ್ನೆ ಒಳಗೆ ಹೋಗಿತ್ತು, ಕೈಗಳಿಗೆ ಏನೂ ಆಗಿರಲಿಲ್ಲ. ಹೆಣದ ಮೇಲೆ ಹೊಟ್ಟೆಕಿಚ್ಚು ಪಡುವವನು ಈ ಭೂಮಿಯಲ್ಲಿ ತಾನೊಬ್ಬನೇ ಇರಬೇಕು ಎಂದು ಪತ್ತೇದಾರನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಕಿಚ್ಚು ಆರಲಿಲ್ಲ.

ಆಗಷ್ಟೇ ಒಳಗೆ ಬಂದ ಯಾರೋ ಪಕ್ಕದಲ್ಲಿ ಹೂವಿಟ್ಟು ನಮಸ್ಕರಿಸಿದರು. ಹೊಸ ಸರಣಿಯ ನಿರ್ದೇಶಕಿ. ಪೇಪರಿನಲ್ಲಿ ಫೋಟೋ ನೋಡಿದ್ದ.

"ಇನ್ನು ಕೈಗೆ ಯಾರನ್ನ ಹುಡುಕ್ತೀರಮ್ಮಾ?" ಎಂದ ಮೆಲ್ಲಗೆ. ಕೇಳುವುದರಲ್ಲಿ ಸಣ್ಣ ಸಂತೋಷವೂ ಇತ್ತು.

ಅವಳು ತಿರುಗಿದಳು. "ನಿಮಗೆ ಅವರು ಹೇಳ್ಲಿಲ್ವಾ ಸಾರ್?"

"ನನಗೆ ಯಾರು ಏನು ಹೇಳ್ತಾರೆ? ನಾನು ಪೇಪರ್ ನೋಡಿ ತಿಳ್ಕೊಳ್ಳೋನು."

"ಮಂಗಳವಾರ ಸಾಯಂಕಾಲ ಫೋನ್ ಮಾಡ್ತೀನಿ ಅಂದಿದ್ರು." ಅವಳು ಅವನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು. "ಅವರ ಕೈ ನಡುಗೋಕೆ ಶುರುವಾಗಿತ್ತು ಸಾರ್. ನಾಲ್ಕು ದಿನದಲ್ಲಿ ಆ ಟ್ರೇಲರ್ ಶಾಟ್ ಸಿಕ್ಕಿದ್ದೇ ಹೆಚ್ಚು. ಕೊನೇ ಕಂತಿನ ಬೀಗ ಆಗ್ಲೇ ಇಲ್ಲ. ಬೇರೆಯವರನ್ನ ಹುಡುಕೋಣ ಅಂದೆ. ಬೇಡ, ಸಾರ್ ಬರ್ತಾರೆ, ನಾನು ಕಲಿಸ್ತಾ ಇದೀನಿ ಅಂದ್ರು."

"ಯಾವ ಸಾರ್?"

"ನೀವೇ. ಮುಂಚೆ ಹೇಳಿದ್ರೆ ಕೋಪ ಮಾಡ್ಕೊಂಡು ಕಲಿಯೋದೇ ಬಿಡ್ತಾರೆ, ಕೈ ಕೂರಲಿ, ಆಮೇಲೆ ನಾನೇ ಹೇಳ್ತೀನಿ ಅಂದಿದ್ರು. ಸೋಮವಾರ ಶೂಟಿಂಗ್ ಇದೆ."

ಪತ್ತೇದಾರ ಕೈಗಳನ್ನು ಜೇಬಿನೊಳಗೆ ಇನ್ನಷ್ಟು ಕೆಳಗೆ ತಳ್ಳಿದ. "ನನ್ನ ಬೆರಳು ನೋಡಿದೀರಾ?"

"ಕೊನೇ ಕಂತಲ್ಲಿ ಪತ್ತೇದಾರ ಮುದುಕ ಸಾರ್. ಮುದುಕರ ಕೈ ಊದ್ಕೊಂಡಿರುತ್ತೆ. ನಡೆಯುತ್ತೆ."

"ಮುಖ?"

"ಕಾಣಲ್ಲ."

"ಹೆಸರು?"

ಅವಳು ಕಿಟಕಿಯ ಸರಳು ನೋಡಿದಳು. "ಮೇಷ್ಟ್ರಿಗೆ ಇದ್ದ ಷರತ್ತೇ ಸಾರ್."

*

ಧಾರಾವಾಹಿ ಮುಗಿದ ಮೇಲೆ ಅವನ ಮನೆ ಬಾಗಿಲು ತಟ್ಟುತ್ತಿದ್ದವರು ಮೇಷ್ಟ್ರೊಬ್ಬರೇ. ಈ ಮೂರು ತಿಂಗಳಿನಿಂದ ಗುರುವಾರ ಗುರುವಾರ ಬರುವಾಗ ಚೀಲದಲ್ಲಿ ಅದೇ ಒಂದು ಹಿತ್ತಾಳೆ ಬೀಗ ತರುತ್ತಿದ್ದರು. ಸಂತೆಯಲ್ಲಿ ಸಿಕ್ಕಿದ್ದು, ಕೀಲಿ ಇಲ್ಲ, ಹೊತ್ತು ಹೋಗುತ್ತೆ ತಗೊಳ್ಳಿ, ಎನ್ನುತ್ತಿದ್ದರು. ಬೀಗದ ಮುಖದ ಮೇಲೆ ಉದ್ದಕ್ಕೆ ಒಂದು ಗೀರು.

"ನೋಡಬೇಡಿ ಸಾರ್. ಕಣ್ಣು ಮುಚ್ಚಿ. ಒಳಗೆ ಐದು ಕಡ್ಡಿ ಇವೆ. ಒಂದೊಂದನ್ನೇ ಮೇಲೆತ್ತಬೇಕು. ನಾಲ್ಕನೇದು ಹಟಮಾರಿ."

"ನನಗ್ಯಾಕಯ್ಯಾ ಇದೆಲ್ಲ?"

"ಸುಮ್ನೆ."

ಒಂದು ಗುರುವಾರ ಪೇಪರ್ ಹಾಸಿ, ಅವನ ಅಂಗೈ ಅದರ ಮೇಲೆ ಒತ್ತಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದರು. ಪತ್ತೇದಾರ ಸರಕ್ಕನೆ ಕೈ ಎಳೆದುಕೊಂಡಿದ್ದ. "ನಿನ್ನ ಕೈ ಚೆನ್ನಾಗಿದೆ ಅಂತ ನನ್ನ ಕೈ ಆಡ್ಕೋಬೇಡ." ಮೇಷ್ಟ್ರು ಪೇಪರ್ ಮಡಚಿ ಚೀಲದಲ್ಲಿಟ್ಟುಕೊಂಡು ನಕ್ಕರು. ಹೋದ ವಾರ ಮೊದಲ ಸಲ ಬೀಗ ತೆರೆದಾಗ ಸಂತೋಷಪಟ್ಟವರೂ ಅವರೇ, ಇವನು ಗಡಿಯಾರ ನೋಡಿ ಆಕಳಿಸಿದ್ದ.

*

"ವ್ಯಾನು ಬಂತು," ಎಂದು ಮೈದುನ ಕೂಗಿದ.

ಪತ್ತೇದಾರ ಅಡುಗೆಮನೆಗೆ ಹೋದ. ಅವನ ಹಿಂದೆಯೇ ಎದುರುಮನೆಯಾಕೆ, ಅವಳ ಹಿಂದೆ ಅರ್ಧ ಬೀದಿ. ಬಗ್ಗಿ ನೋಡಿದ. ಬೀಗದ ಮುಖದ ಮೇಲೆ ಗೀರು.

"ಇದಕ್ಕೆ ಕೀಲಿ ಇಲ್ಲಮ್ಮ," ಎಂದ. "ಯಾವತ್ತೂ ಇರಲಿಲ್ಲ."

ಮೇಷ್ಟ್ರ ಹೆಂಡತಿ ಗೂಟಕ್ಕೆ ನೇತುಹಾಕಿದ್ದ ಗಂಡನ ಅಂಗಿಯ ಜೇಬಿನಿಂದ ತಂತಿಗಳ ಪುಟ್ಟ ಸುರುಳಿ ತೆಗೆದು ಚಾಚಿದಳು. ತೆಗೆದುಕೊಳ್ಳಬೇಕೆಂದರೆ ಕೈ ಹೊರಗೆ ಬರಲೇಬೇಕು. ಕೈನೋವು ಎನ್ನಬಹುದಿತ್ತು, ಕನ್ನಡಕ ಮರೆತೆ ಎನ್ನಬಹುದಿತ್ತು. ಹದಿನೇಳು ವರ್ಷದಲ್ಲಿ ಅಂಥ ನೂರು ನೆಪ ಅವನಿಗೆ ಅಭ್ಯಾಸವಾಗಿದ್ದವು. ಅವನು ಜೇಬಿನಿಂದ ಎರಡೂ ಕೈ ತೆಗೆದು ನೆಲದ ಮೇಲೆ ಕೂತ.

ಎದುರುಮನೆಯಾಕೆ ಕತ್ತು ಚಾಚಿ ಆ ಮೊಂಡು ಬೆರಳುಗಳನ್ನು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಬೆರಳು ನೋಡಿದಳು.

"ಇದು ಆ ಕೈ ಅಲ್ಲ," ಎಂದಳು.

"ಅಲ್ಲ," ಎಂದ ಪತ್ತೇದಾರ. "ಆ ಕೈ ಅಲ್ಲಿ ಮಲಗಿದೆ. ಹನ್ನೊಂದು ವರ್ಷ ನೀವು ನೋಡಿದ್ದು ಅದನ್ನೇ. ಈ ಮನೆಯವರದು."

ನಿರ್ದೇಶಕಿ ತಡೆಯಲು ಕೈಯೆತ್ತಿದಳು. ಮೇಷ್ಟ್ರ ಹೆಂಡತಿ ಒಲೆಕಟ್ಟೆ ಹಿಡಿದುಕೊಂಡಳು.

ಅಡುಗೆಮನೆ ಖಾಲಿಯಾಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಎಲ್ಲರೂ ನಡುಕೋಣೆಗೆ ನುಗ್ಗಿದರು. ಹೊದಿಕೆ ಸರಿಸಿ ನೋಡುವವರು, ಅಯ್ಯೋ ಹೌದಲ್ರೀ ಎನ್ನುವವರು, ಹಿಂದಿನವರಿಗೆ ಜಾಗ ಬಿಡದೆ ನಿಂತವರು. ಬೆಳಗಿನಿಂದ ಒಂದು ಸಲ ಇಣುಕಿ ಹೊರಗೆ ಹೋಗಿ ಕೂತಿದ್ದವರೂ ಎದ್ದು ಬಂದರು. ಎದುರುಮನೆಯಾಕೆ ಅಳುವ ದನಿ ಅಡುಗೆಮನೆಗೂ ಕೇಳಿಸಿತು.

ಪತ್ತೇದಾರ ಕಣ್ಣು ಮುಚ್ಚಿದ. ಒಂದು, ಎರಡು, ಮೂರು. ನಾಲ್ಕನೆಯದು ಜಾರಿತು. ಮತ್ತೆ ಮೊದಲಿನಿಂದ. ಬೆವರಿದ. ಮತ್ತೆ ಜಾರಿತು. ಮೂರನೆಯ ಸಲ ಹಟಮಾರಿ ಕಡ್ಡಿ ಮೇಲೆದ್ದು ನಿಂತಿತು, ಐದನೆಯದೂ ನಿಂತಿತು, ಬೀಗ ಟಕ್ಕೆಂದಿತು. ಜೀವನದಲ್ಲಿ ಮೊದಲ ಸಲ ಪತ್ತೇದಾರ ನಿಜವಾಗಿ, ಬೇಕಾದಾಗ, ಒಂದು ಬೀಗ ತೆಗೆದಿದ್ದ. ಕಣ್ಣು ಬಿಟ್ಟು ನೋಡಿದರೆ, ಮೆಚ್ಚಲು ಅಲ್ಲಿ ಒಬ್ಬರೂ ಇರಲಿಲ್ಲ. ಮೇಷ್ಟ್ರ ಹೆಂಡತಿಯೂ ನಡುಕೋಣೆಯ ಜನರತ್ತಲೇ ನೋಡುತ್ತಿದ್ದಳು. ಹೊಟ್ಟೆಯಲ್ಲಿ ಅದೇ ಹಳೇ ಉರಿ ಒಂದು ಗಳಿಗೆ ಎದ್ದಿತು.

"ತೆಗೆದೆ ನೋಡಮ್ಮ," ಎಂದ.

ಅವಳು ಬಂದು ಬಗ್ಗಿ ಮುಚ್ಚಳ ಎತ್ತಿದಳು. ಒಳಗೆ ಎರಡು ಜೊತೆ ಗವಸು. ಒಂದು ಜೊತೆ ಹಳೆಯದು, ಬೆರಳ ತುದಿ ಸವೆದದ್ದು, ನೀಳವಾದದ್ದು. ಇನ್ನೊಂದು ಹೊಸದು, ಹೊಲಿಗೆಯ ದಾರ ಕೂಡ ಕತ್ತರಿಸಿರಲಿಲ್ಲ, ಅಗಲವಾಗಿ ಗಿಡ್ಡವಾಗಿತ್ತು. ಅದರ ಕೆಳಗೆ ಮಡಚಿಟ್ಟ ಪೇಪರ್, ಸುದ್ದಿಗಳ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ದಪ್ಪ ಕೈ.

ಅವಳು ಹಳೆಯ ಜೊತೆಯನ್ನು ಎದೆಗೊತ್ತಿಕೊಂಡಳು. ಹೊಸದನ್ನು ಬೆರಳ ತುದಿಯಲ್ಲಿ ಎತ್ತಿ ತುಸು ಹೊತ್ತು ನೋಡಿದಳು. ಗಂಡ ತನಗೆ ತಿಳಿಸದೆ, ಅಂಗಡಿಗೆ ಹೋಗಿ, ಅಳತೆ ಕೊಟ್ಟು ಇನ್ನೊಬ್ಬರಿಗಾಗಿ ಹೊಲಿಸಿದ್ದು. ಆಮೇಲೆ ಅದನ್ನು ಪತ್ತೇದಾರನ ತೊಡೆಯ ಮೇಲೆ ಹಾಕಿದಳು.

"ನಾಳೆಯಿಂದ ಪಾತ್ರೆ ಮುಟ್ಬೇಡಿ," ಎಂದಳು.

ಜನರನ್ನು ಸರಿಸಿ, ಗಂಡನ ಬೆರಳುಗಳಿಗೆ ಒಂದೊಂದಾಗಿ ತಾನೇ ಗವಸು ತೊಡಿಸಿದಳು. ಯಾರಿಗೂ ಮುಟ್ಟಲು ಬಿಡಲಿಲ್ಲ. ಕಿರುಬೆರಳು ಒಳಗೆ ಹೋದ ಮೇಲೆ, ಇನ್ನು ನೋಡುವುದೇನೂ ಇಲ್ಲವೆಂಬಂತೆ ಜನ ದಾರಿ ಬಿಟ್ಟರು.

ವ್ಯಾನಿನ ಒಳಗೆ ಉದ್ದಕ್ಕೆ ಎರಡು ಬೆಂಚು, ನಡುವೆ ಮೇಷ್ಟ್ರು. ಒಂದು ಕಡೆ ಹೆಂಡತಿ ಮತ್ತು ಮೈದುನ, ಇನ್ನೊಂದು ಕಡೆ ಪತ್ತೇದಾರನೊಬ್ಬನೇ. ಹೊರಗೆ ಎದುರುಮನೆಯಾಕೆ ಕಿಟಕಿಯ ಹತ್ತಿರ ಬಂದು, ಅವನತ್ತ ಕಣ್ಣೆತ್ತದೆ, ಮಲಗಿದ್ದವರಿಗೆ ಕೈ ಮುಗಿದಳು. ವ್ಯಾನು ಹೊರಟಿತು. ಪತ್ತೇದಾರ ಹೊಸ ಗವಸು ತೊಟ್ಟುಕೊಂಡ. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು, ದಪ್ಪ ಬಟ್ಟೆ ಅಂಚಿಗೆ ತಡೆದು ಹೊರಗೇ ಉಳಿಯಿತು. ಇನ್ನೆಲ್ಲಿಡುವುದೆಂದು ತಿಳಿಯದೆ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ. ಎದುರಿನ ಬೆಂಚಿನಿಂದ ಮೇಷ್ಟ್ರ ಹೆಂಡತಿ, ದಾರಿಯುದ್ದಕ್ಕೂ, ಅವುಗಳನ್ನೇ ನೋಡುತ್ತಾ ಕೂತಿದ್ದಳು.