ಚರಗ ಬೀಳದ ನಾಲ್ಕು ಸಾಲು

ಮಾನ್ಯ ವಾಚಕ ಮಹಾಶಯರೇ, ಭತ್ತದ ಬೇರಿಗೆ ಸಂಬಂಧಿಸಿದ ಈ ಅಲ್ಪ ವೃತ್ತಾಂತದಲ್ಲಿ ಕೊಲೆಯಾಗಲಿ ಗುಪ್ತನಿಧಿಯಾಗಲಿ ಇಲ್ಲವೆಂದು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ. ಅಪರಾಧ ಒಂದಿದೆ, ಅದು ನನ್ನದೇ.

೨೦೦೪ರಲ್ಲಿ ನಾನು ಅಮ್ಮಿನಬಾವಿಯ ಒಂದು ಹೊಲಕ್ಕೆ ಕಾವಲಿದ್ದೆ. ಹೊಲ ರುಕ್ಮವ್ವನದು, ನನ್ನನ್ನು ನೇಮಿಸಿದವರು ಮಾಳಮಡ್ಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ವಿದ್ಯಾ. ರುಕ್ಮವ್ವನ ಮನೆತನದ ಹಳೆಯ ಭತ್ತವನ್ನೂ ಹೊಸ ತಳಿಯೊಂದನ್ನೂ ಅವರು ಪಟ್ಟಿ ಪಟ್ಟಿಯಾಗಿ ಅಕ್ಕಪಕ್ಕ ಬಿತ್ತಿಸಿದ್ದರು. ಮಣ್ಣು ಒಂದೇ, ಗೊಬ್ಬರ ಒಂದೇ, ಬೀಜ ಮಾತ್ರ ಬೇರೆ. ತಳಿಯು ತನ್ನ ವಂಶಗುಣಕ್ಕೆ ತಕ್ಕ ರಸವನ್ನು ಬೇರಿನಿಂದ ಒಸರಿಸುತ್ತದೆ, ಆ ರಸಕ್ಕೆ ಒಗ್ಗುವ ಸೂಕ್ಷ್ಮಜೀವಿಗಳೇ ಬೇರಿನ ಸುತ್ತ ನೆಲೆಸುತ್ತವೆ ಎಂಬುದು ಅವರ ವಾದ. ಅದನ್ನು ತೋರಿಸಲು ಎರಡು ವರ್ಷ ದುಡಿದಿದ್ದರು. ಇದೇ ಕೊನೆಯ ಹಂಗಾಮು. ಹೊರಗಿನದೇನೂ ಆ ಮಣ್ಣಿಗೆ ಬೀಳದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಸೀಗಿ ಹುಣ್ಣಿಮೆಯಂದು ರುಕ್ಮವ್ವ ಚರಗ ಚೆಲ್ಲಲು ಬುಟ್ಟಿ ಹೊತ್ತು ಬಂದಳು. ತುಂಬಿ ನಿಂತ ಬೆಳೆಗೆ ಅಡಿಗೆಯ ಎಡೆ ಚೆಲ್ಲಿ, ಉಣಿಸಿಯೇ ತಾವು ಉಣ್ಣುವ ದಿನ ಅದು. ನಾನು ತಡೆಯಲಿಲ್ಲ, ನನ್ನ ಪಾಲಿನ ಕಡುಬೂ ಆ ಬುಟ್ಟಿಯಲ್ಲೇ ಇತ್ತು. ಬೇವಿನ ನೆರಳಲ್ಲಿ ಪತ್ತೇದಾರಿ ಕಾದಂಬರಿಯಿಂದ ತಲೆ ಎತ್ತಿದಾಗ, ಮೊಸರನ್ನವೂ ಪುಂಡಿಪಲ್ಯವೂ ಹಳೆಯ ಭತ್ತದ ಪಟ್ಟಿಗಳಿಗೆ ಮಾತ್ರ ಬೀಳುತ್ತಿದ್ದವು. ಹೊಸದಕ್ಕೇಕಿಲ್ಲವೆಂದು ಕೇಳಿದೆ.

“ಅದು ನಮ್ಮ ಮನೀದಲ್ಲೋ ತಮ್ಮಾ. ತಂದಾಕಿ ಉಣಿಸ್ಲಿ,” ಎಂದಳು.

ಹತ್ತು ದಿನದ ಮೇಲೆ ವಿದ್ಯಾ ಗಿಡ ಕಿತ್ತು, ಸಡಿಲ ಮಣ್ಣು ಕೊಡವಿ, ಬೇರಿಗೆ ಅಂಟಿದ ಮಣ್ಣನ್ನಷ್ಟೇ ಒಯ್ದರು. ಮರುವಾರ ನಗುತ್ತ ಬಂದರು. ಎರಡು ತಳಿಗಳ ಬೇರಿನ ಜೀವಿಗಳಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡಿತ್ತು. ಸೋಮವಾರ ಗುರುಗಳಿಗೆ ಒಪ್ಪಿಸುವವರಿದ್ದರು. ಆ ವ್ಯತ್ಯಾಸ ಬೀಜದ್ದೋ ಮೊಸರನ್ನದ್ದೋ ಎಂಬ ಸಂಶಯ ನನಗೊಬ್ಬನಿಗೇ ಇತ್ತು. ನನ್ನ ಕಾದಂಬರಿಗಳಲ್ಲಿ ಅಪರಾಧಿ ಕೊನೆಯ ಪುಟದಲ್ಲಿ ಸಿಕ್ಕೇ ಸಿಗುತ್ತಾನೆ. ಇಲ್ಲಿ ನನ್ನನ್ನು ಹಿಡಿಯುವವರು ಯಾರೂ ಇರಲಿಲ್ಲ. ಹೇಳಿಬಿಟ್ಟೆ.

ವಿದ್ಯಾ ಬದುವಿನ ಮೇಲೆ ಕುಳಿತರು. ಮರುದಿನ ಕೊಯ್ಲು, ರುಕ್ಮವ್ವ ಕುಡಗೋಲು ಹಿಡಿದು ಅಲ್ಲೇ ನಿಂತಿದ್ದಳು. ಹಳೆಯ ಭತ್ತಕ್ಕೆಲ್ಲ ಚೆಲ್ಲಿದ್ದು ಖರೆಯೇ ಎಂದು ವಿದ್ಯಾ ಅವಳನ್ನೇ ಕೇಳಿದರು.

“ಎಲ್ಲಾಕ್ಕೂ ಎಲ್ಲಿ ಸಾಲ್ತೈತಿ ಯವ್ವಾ? ಹಳ್ಳದ ಕಡೆ ನಾಕು ಸಾಲಿಗೆ ಬುಟ್ಟಿ ಬರಿದಾತು. ತಪ್ಪಾತವ್ವಾ ಅಂತ ಅವಕ್ಕ ಕೈ ಮುಗದು ಬಂದೇನಿ.”

ಅಂದೇ ಮಧ್ಯಾಹ್ನ ಆ ನಾಲ್ಕು ಸಾಲಿನ ಗಿಡಗಳನ್ನೂ ಪಕ್ಕದ ಹೊಸ ತಳಿಯ ಗಿಡಗಳನ್ನೂ ಅಗೆದೆವು. ವಿದ್ಯಾ ಬೇರುಗಳನ್ನು ನನ್ನ ಕೈಗೆ ಕೊಡಲಿಲ್ಲ; ತಾವೇ ಕೊಡವಿದರು.

ಮತ್ತೆ ಒಂದು ವಾರ ಕಾದೆ. ವ್ಯತ್ಯಾಸ ಉಳಿದಿತ್ತು, ಮೊದಲಿನ ಅರ್ಧದಷ್ಟು. ವಿದ್ಯಾ ಹಳೆಯ ಅಂಕಿಗಳನ್ನು ಹೊಡೆದುಹಾಕಿ, ಹೊಸವನ್ನು ಬರೆದು, ಕೆಳಗೆ ಚರಗದ ಸಂಗತಿಯನ್ನೂ ದಾಖಲಿಸಿದರು.

“ನೀವು ಹೇಳಿದ್ದು ಛಲೋ ಆತ್ರಿ,” ಎಂದರು. “ಆದ್ರ ಮುಂದಿನ ಹೊಲಾ ಕಾಯಾಕ ಬ್ಯಾರೆಯವರನ್ನ ನೋಡೇನಿ.”

ನ್ಯಾಯವೇ ಆಗಿತ್ತು. ಕಂಬಳಿಯಲ್ಲಿ ಎರಡು ಅಂಗಿ, ಏಳು ಕಾದಂಬರಿ ಸುತ್ತಿದೆ. ರುಕ್ಮವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಮೇಲಿಟ್ಟು ಗಂಟು ಬಿಗಿದು, ರಸ್ತೆಗೆ ಬಂದು, ಮೊದಲು ಬಂದ ಸವದತ್ತಿ ಬಸ್ಸಿಗೆ ಕೈ ಮಾಡಿದೆ.